ಕಲ್ಲಿದ್ದಲು ಗಾಡಿಯ ಹಸಿರು

ಬಣ್ಣದಣ್ಣ, ಗೇರಣ್ಣ ಇಬ್ಬರೂ ಒಡಹುಟ್ಟಿದವರು. ಅಪ್ಪ ಅಮ್ಮ ಇಟ್ಟ ಹೆಸರುಗಳು ಬೇರೆಯೇ ಇದ್ದವು, ಆದರೆ ಅವು ಕರೆಂಟು ಬಿಲ್ಲಿನ ಮೇಲಷ್ಟೇ ಉಳಿದುಕೊಂಡಿದ್ದವು. ಮೂವತ್ತನಾಲ್ಕು ವರ್ಷ ಒಂದೇ ಮೇಜಿನ ಆಚೆ ಬದಿ ಒಬ್ಬ, ಈಚೆ ಬದಿ ಒಬ್ಬ ಕೂತು ಅವರು ಮಾಡಿಕೊಂಡು ಬಂದದ್ದು ಅಂಗೈ ಮೇಲೆ ನಿಲ್ಲುವಂಥ ಪುಟ್ಟ ರೈಲು ಇಂಜಿನ್ನುಗಳ ರಿಪೇರಿ. ಮನೆಯ ಒಂದು ಕೋಣೆಯ ತುಂಬ ಹಳಿ ಹಾಸಿಕೊಂಡು, ಸುರಂಗ, ಸೇತುವೆ, ಸ್ಟೇಷನ್ನು ಎಲ್ಲ ಕಟ್ಟಿಕೊಂಡು ರೈಲು ಓಡಿಸುವ ಹುಚ್ಚಿನ ಜನ ನಾವಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ. ಅವರ ಇಂಜಿನ್ನು ಕೈಕೊಟ್ಟಾಗ, ಇಲ್ಲವೇ ಕಪ್ಪು ಇಂಜಿನ್ನು ನೀಲಿಯಾಗಬೇಕು ಎಂದು ಆಸೆ ಹುಟ್ಟಿದಾಗ, ಅವರು ಹುಡುಕಿಕೊಂಡು ಬರುತ್ತಿದ್ದದ್ದು ಸೈಕಲ್ ಅಂಗಡಿಯ ಪಕ್ಕದ ಈ ಮನೆಗೆ. ‘ಬಣ್ಣದಣ್ಣ, ಗೇರಣ್ಣ’ ಎಂಬ ಬೋರ್ಡಿನ ಕೆಳಗೆ ಹಾದು ಮಹಡಿ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದರೆ ಬೆಸುಗೆ ಹೊಗೆಯ ವಾಸನೆ, ಥಿನ್ನರಿನ ಘಾಟು, ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು. ಸ್ಕ್ರೂ ಉರುಳಿ ಬೀಳದಿರಲಿ ಎಂದು ಮೇಜಿನ ಸುತ್ತ ಅಂಚು ಕಟ್ಟಿದ್ದರು. ಆದರೂ ಸ್ಕ್ರೂ ಬೀಳುತ್ತಿತ್ತು. ಬಿದ್ದಾಗ ಅಣ್ಣತಮ್ಮ ಇಬ್ಬರೂ ಕೈಯಲ್ಲೊಂದು ಅಯಸ್ಕಾಂತ ಹಿಡಿದು ಮಂಡಿಯೂರಿ ನೆಲದ ಮೇಲೆ ಹರಿದಾಡುತ್ತಿದ್ದರು. ಒಳಗೆ ಬಂದ ಗಿರಾಕಿಗೆ ಮೊದಲು ಕಾಣುತ್ತಿದ್ದದ್ದು ಅವರ ಬೆನ್ನು.

ತಮ್ಮನಾದ ಗೇರಣ್ಣನದು ಹೊಟ್ಟೆಯೊಳಗಿನ ಕೆಲಸ: ಮೋಟರು, ಗೇರು, ಚಕ್ರ, ತಂತಿ. ಅಣ್ಣನದು ಮೈಮೇಲಿನ ಕೆಲಸ: ಹಳೇ ಬಣ್ಣ ಕಿತ್ತು, ಹೊಸ ಬಣ್ಣ ಹೊಡೆದು, ಕೂದಲಿನಷ್ಟು ತೆಳ್ಳಗಿನ ಗೆರೆ ಎಳೆದು, ಎರಡು ಅಕ್ಕಿಕಾಳಿನಷ್ಟು ಜಾಗದಲ್ಲಿ ಇಂಜಿನ್ನಿನ ನಂಬರು ಕೂರಿಸುವುದು. ಮಾತೂ ಅಣ್ಣನ ಪಾಲಿಗೇ ಬಂದಿತ್ತು. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, “ಒಂದು ಆಟಿಕೆಗೆ ಇಷ್ಟೊಂದಾ?”

“ಆಟಿಕೆ ಅಂತಾದ್ರೆ ಮಕ್ಕಳ ಕೈಗೆ ಕೊಡಿ ಸಾರ್,” ಅನ್ನುತ್ತಿದ್ದ ಅಣ್ಣ. “ಪುಕ್ಕಟೆ ಮುರಿದುಕೊಡ್ತಾರೆ.”

ಗಿರಾಕಿ ನಗುತ್ತಿದ್ದ, ಆಮೇಲೆ ಒಪ್ಪುತ್ತಿದ್ದ. ಗೇರಣ್ಣ ಕಣ್ಣಿಗೆ ಕಚ್ಚಿಕೊಂಡ ಭೂತಗನ್ನಡಿ ತೆಗೆಯದೆ ಕೆಲಸ ಮುಂದುವರಿಸುತ್ತಿದ್ದ. ಅವನಿಗೆ ಮದುವೆಯಾಗಲಿಲ್ಲ, ಯಾಕೆಂದು ಕೇಳಿದವರಿಗೆ ಉತ್ತರ ಕೊಡುತ್ತಿದ್ದದ್ದೂ ಅಣ್ಣನೇ.

ಆ ಅಣ್ಣ ಒಂದು ಮಧ್ಯಾಹ್ನ ಮೂರು ಗಂಟೆಗೆ ಗೆರೆ ಎಳೆಯುತ್ತಿದ್ದವನು ಹಾಗೇ ಮೇಜಿನ ಮೇಲೆ ತಲೆಯಿಟ್ಟ. ಎದುರಿಗೆ ಕೂತ ತಮ್ಮ ತಲೆಯೆತ್ತಿ ನೋಡಲಿಲ್ಲ. “ಅಣ್ಣ, ಆ ಚಿಮಟ ಕೊಡು,” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಕೊಡೋ ಮಾರಾಯ,” ಎಂದ. ಆಮೇಲೆ ಎದ್ದು ತಾನೇ ಕೈಚಾಚಿ ತೆಗೆದುಕೊಂಡ. ತೆಗೆದುಕೊಳ್ಳುವಾಗ ಅಣ್ಣನ ಮೊಣಕೈ ತಾಗಿತು. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದ್ದು ನಾಲ್ಕು ಗಂಟೆಗೆ.

ಮಾಡಬೇಕಾದದ್ದನ್ನೆಲ್ಲ ಗೇರಣ್ಣ ಮಾಡಿದ. ಹೇಳಬೇಕಾದವರಿಗೆ ಹೇಳಿದ, ಸಹಿ ಹಾಕಬೇಕಾದ ಕಡೆ ಹಾಕಿದ, ಬಂದವರಿಗೆ ಕುರ್ಚಿ ಕೊಟ್ಟ. ಎಲ್ಲ ಮುಗಿದ ಮರುದಿನ ಬೆಳಿಗ್ಗೆ ಹತ್ತಕ್ಕೆ ಮಹಡಿ ಬಾಗಿಲು ತೆಗೆದು ತನ್ನ ಜಾಗದಲ್ಲಿ ಕೂತ. ಅಳು ಬರಲಿಲ್ಲ. ಬರಬಹುದೆಂದು ಒಂದೆರಡು ದಿನ ಕಾದ, ಆಮೇಲೆ ಕಾಯುವುದನ್ನೂ ಬಿಟ್ಟ. ಎದುರಿನ ಕುರ್ಚಿಯ ಮೇಲೆ ಖಾಲಿ ಡಬ್ಬಗಳನ್ನು ಪೇರಿಸಿದ. ಹಸಿವಾಗುತ್ತಿತ್ತು, ಊಟ ಮಾಡುತ್ತಿದ್ದ. ನಿದ್ದೆ ಬರುತ್ತಿತ್ತು, ಮಲಗುತ್ತಿದ್ದ. ದುಃಖ ಎಂದು ಕೈಯಿಟ್ಟು ತೋರಿಸುವಂಥದ್ದು ಏನೂ ಇರಲಿಲ್ಲ. ಕೆಳಗಿನ ಮನೆಯಿಂದ ಅತ್ತಿಗೆ ದಿನಾ ನಾಲ್ಕು ಗಂಟೆಗೆ ಟೀ ತರುತ್ತಿದ್ದಳು. ಐದನೆಯ ದಿನ ಲೋಟವಿಟ್ಟು ಹೋದವಳು ವಾಪಸ್ ಬಂದು, “ಅಯ್ಯೋ, ಈ ಟೀಗೆ ಸಕ್ಕರೆ ಹಾಕಿಲ್ಲ ಕಣೋ. ನಿನ್ನೆನೂ ಹಾಕಿರಲಿಲ್ವೇನೋ,” ಎಂದಳು.

“ಗೊತ್ತಾಗಲಿಲ್ಲ ಅತ್ತಿಗೆ.”

“ನಾನೂ ಅದನ್ನೇ ಕುಡಿದೆ. ನನಗೂ ಗೊತ್ತಾಗಲಿಲ್ಲ.” ಅಷ್ಟು ಹೇಳಿ ಲೋಟ ಎತ್ತಿಕೊಂಡು ಹೋದಳು.

ಹನ್ನೊಂದು ವಾರವಾದ ಮೇಲೆ ಹಲ್ಲಿನ ಡಾಕ್ಟರು ಬಂದರು. ಅರ್ಧ ಊರಿನ ಹಲ್ಲು ಅವರ ಕೈಯಲ್ಲಿತ್ತು. ಮನೆಯ ಮೇಲಿನ ಕೋಣೆಯ ತುಂಬ ಹಳಿ ಹಾಕಿಕೊಂಡವರು. ಅವರ ಹಿತ್ತಾಳೆಯ ಹಬೆ ಇಂಜಿನ್ನೊಂದು ಐದು ತಿಂಗಳಿಂದ ಇಲ್ಲಿತ್ತು. ಕಪ್ಪಗಿದ್ದದ್ದನ್ನು ಹಸಿರು ಮಾಡಿ, ಅಂಚಿಗೆ ಕೆಂಪು ಗೆರೆ ಎಳೆದು, ಕೆಟ್ಟ ಗೇರನ್ನೂ ಸರಿಮಾಡಿಕೊಡಬೇಕು ಎಂಬುದು ಒಪ್ಪಂದ. ಚಿಕ್ಕವರಿದ್ದಾಗ ಅಮ್ಮನ ಜೊತೆ ಕೂತು ಹೋದ ರೈಲಿನ ಹಸಿರೇ ಬೇಕು ಅವರಿಗೆ. ಫೋಟೋ ತಂದಿದ್ದರು, ಆದರೆ ಅದು ಕಪ್ಪು ಬಿಳುಪಿನದು. ಎಲೆಯ ಹಸಿರಲ್ಲ, ಬಾಟಲಿಯ ಹಸಿರೂ ಅಲ್ಲ, ಎರಡರ ನಡುವೆ ಎಲ್ಲೋ ಇದೆ ಎಂದಿದ್ದರು. ಬಣ್ಣದಣ್ಣ ತಗಡಿನ ಚೂರಿಗೆ ಬಳಿದು ಹನ್ನೊಂದು ಹಸಿರು ತೋರಿಸಿದ್ದ. ಹನ್ನೆರಡನೆಯದನ್ನು ಕಂಡು ಡಾಕ್ಟರು ಇದೇ ಎಂದು ತಗಡನ್ನು ಕೈಗೆತ್ತಿಕೊಂಡಿದ್ದರು.

ಮೂರು ತಿಂಗಳು ಊರಲ್ಲಿ ಇಲ್ಲದಿದ್ದ ಅವರು ಈಗ ಬಾಗಿಲಲ್ಲೇ ನಿಂತು ಕೇಳಿದರು. “ಆಯ್ತೇನ್ರೀ ನಮ್ಮದು? ಒಟ್ಟು ಎಷ್ಟಾಗುತ್ತೆ ಅಂತ ಇವತ್ತಾದ್ರೂ ಹೇಳಿಬಿಡಿ.”

ಗೇರಣ್ಣ ಹೇಳಿದ.

“ಏನ್ರೀ ಇದು! ಆ ದುಡ್ಡಿಗೆ ಎರಡು ಹೊಸ ಇಂಜಿನ್ ಬರುತ್ತೆ.”

“ಬರುತ್ತೆ,” ಎಂದ ಗೇರಣ್ಣ. ಆಮೇಲೆ ಸ್ಟೇಷನ್ನಿನಲ್ಲಿ ಗಾಡಿಯ ಹೊತ್ತು ಕೂಗುವವರ ದನಿಯಲ್ಲಿ ಒಂದೊಂದಾಗಿ ಹೇಳತೊಡಗಿದ. “ಇದನ್ನ ಮಾಡಿದ ಕಂಪನಿ ಮುಚ್ಚಿ ಇಪ್ಪತ್ತು ವರ್ಷ ಆಯ್ತು ಡಾಕ್ಟ್ರೇ, ಬಿಡಿ ಭಾಗ ಎಲ್ಲೂ ಸಿಗಲ್ಲ. ಗೇರಿನ ಹಲ್ಲು ಸವೆದಿತ್ತು. ಹೊಸ ಗೇರು ನಾನೇ ಕೊರೆದೆ. ಲೇತ್ ಹೊಂದಿಸೋಕೆ ಒಂದು ದಿನ ಬೇಕು. ನೂರು ಗೇರು ಮಾಡಿದ್ರೂ ಅದೇ ಒಂದು ದಿನ, ಒಂದು ಮಾಡಿದ್ರೂ ಅದೇ ಒಂದು ದಿನ. ನಿಮಗೆ ಬೇಕಿದ್ದದ್ದು ಒಂದು. ಮೊದಲನೇದು ಕೆಟ್ಟುಹೋಯ್ತು, ಎರಡನೇದು ಸರಿಬಂತು. ಮೇಲಿನ ಕವಚ ಬಿಚ್ಚೋದೇ ಅರ್ಧ ದಿನ. ಅದಕ್ಕೆ ಸ್ಕ್ರೂ ಇಲ್ಲ, ಕೊಂಡಿ ಇದೆ. ಹಳೇ ಕೊಂಡಿ, ಮುಟ್ಟಿದ್ರೆ ಮುರಿಯುತ್ತೆ. ಬಣ್ಣಕ್ಕೆ ಮೊದಲು ಕಪ್ಪು ಬಣ್ಣ ಕಿತ್ತು, ತೊಳೆದು, ಪ್ರೈಮರ್ ಹೊಡೆದು ನಾಲ್ಕು ದಿನ ಬಿಡಬೇಕು. ಹಸಿರು ಮೂರು ಸಲ, ಒಂದೊಂದಕ್ಕೂ ಎರಡು ದಿನ ಒಣಗೋಕೆ.”

“ಒಣಗೋದಕ್ಕೂ ದುಡ್ಡಾ?”

“ಒಣಗೋವಾಗ ಧೂಳು ಕೂತರೆ ಮತ್ತೆ ಮೊದಲಿಂದ. ಗೆರೆಗೆ ಒಂದೊಂದು ಬದಿಗೆ ಮೂರು ದಿನ.”

ಡಾಕ್ಟರು ನಗುತ್ತಲೇ ಕೋಣೆಯ ಸುತ್ತ ಕಣ್ಣಾಡಿಸಿದರು. “ಸರಿ ಸರಿ, ನೀವು ಹೇಳೋದು ಕೇಳಿದ್ರೆ ಹಲ್ಲು ಕೀಳಿಸಿಕೊಂಡ ಹಾಗೆ ಆಗುತ್ತೆ. ಅಣ್ಣನ ಕರೀರಿ, ಅವರ ಹತ್ರ ಚೌಕಾಸಿ ಮಾಡ್ತೀನಿ. ಎಲ್ಲಿ ಹೋದ್ರು?”

“ತೀರ್ಕೊಂಡ. ಹನ್ನೊಂದು ವಾರ ಆಯ್ತು,” ಎಂದ ಗೇರಣ್ಣ ಅದೇ ದನಿಯಲ್ಲಿ. “ಎರಡನೇ ಬದಿ ಗೆರೆ ಅರ್ಧ ಆಗಿದೆ, ಕಲ್ಲಿದ್ದಲು ಗಾಡಿಗೆ ಬಣ್ಣ ಆಗಿಲ್ಲ.”

ಡಾಕ್ಟರು ಡಬ್ಬ ಪೇರಿಸಿದ ಕುರ್ಚಿಯ ಕಡೆ ನೋಡಿದರು. ಕೈಯಲ್ಲಿದ್ದ ಹೆಲ್ಮೆಟ್ಟನ್ನು ಎಲ್ಲಿಡಬೇಕೆಂದು ತೋಚದೆ ನೆಲದ ಮೇಲಿಟ್ಟರು, ಮತ್ತೆ ಎತ್ತಿಕೊಂಡರು.

ಸಂಗತಿ ಹೀಗಿತ್ತು. ಆ ಮಾದರಿಯ ಮೋಟರು, ಗೇರು ಇರುವುದು ಇಂಜಿನ್ನಿನಲ್ಲಲ್ಲ, ಅದರ ಬೆನ್ನಿಗೆ ಅಂಟಿಕೊಂಡೇ ಹೋಗುವ ಕಲ್ಲಿದ್ದಲು ಗಾಡಿಯಲ್ಲಿ. ಗೇರು ಸಿದ್ಧವಾಗುವುದು ತಡವಾದದ್ದರಿಂದ ಆ ಗಾಡಿ ತಮ್ಮನ ಕಡೆಯೇ ಉಳಿದಿತ್ತು. ಅಣ್ಣ ಇಂಜಿನ್ನಿಗಷ್ಟೇ ಹಸಿರು ಹೊಡೆದು, ಗಾಡಿಗೆಂದು ಒಂದು ಸಣ್ಣ ಬಾಟಲಿಯಲ್ಲಿ ಬಣ್ಣ ಉಳಿಸಿಕೊಂಡಿದ್ದ. ಆ ಮಧ್ಯಾಹ್ನ ಬಾಟಲಿಯ ಮುಚ್ಚಳ ತೆರೆದೇ ಇತ್ತು. ಆಮೇಲೆ ಅದನ್ನು ಮುಚ್ಚುವುದು ಯಾರ ತಲೆಗೆ ಹೊಳೆಯಬೇಕು? ಗೇರಣ್ಣ ನೋಡುವಷ್ಟರಲ್ಲಿ ಬಣ್ಣ ಕಲ್ಲಾಗಿತ್ತು. ಇಂಜಿನ್ನು ಹಸಿರು, ಗಾಡಿ ಪ್ರೈಮರಿನ ಬೂದು. ಇಂಜಿನ್ನಿನ ಒಂದು ಬದಿಯಲ್ಲಿ ಗೆರೆ ಪೂರ್ತಿ. ಇನ್ನೊಂದು ಬದಿಯಲ್ಲಿ ಡ್ರೈವರ್ ನಿಲ್ಲುವ ಜಾಗದ ಕಿಟಕಿಯ ತನಕ ಬಂದು ನಿಂತಿತ್ತು.

ಅಣ್ಣನ ಬಳಿ ಬಣ್ಣಗಳ ಒಂದು ನೋಟ್‌ಬುಕ್ ಇತ್ತು. ಯಾವ ಇಂಜಿನ್ನಿಗೆ ಯಾವ ಬಣ್ಣ, ಎಷ್ಟು ಹನಿ, ಎಲ್ಲ ಬರೆದಿಡುತ್ತಿದ್ದ. ಗೇರಣ್ಣ ಅದನ್ನು ತಿರುವಿ ನೋಡಿದ್ದ. ನೀಲಿಗೆ ಹನಿ ಲೆಕ್ಕ ಇತ್ತು, ಕಪ್ಪಿಗೆ, ಬಿಳಿಗೆ, ಹಳದಿಗೆ ಇತ್ತು. ಹಸಿರಿನ ಮುಂದೆ, ಕೆಂಪಿನ ಮುಂದೆ, ಕಂದಿನ ಮುಂದೆ ಮಾತ್ರ ಪ್ರತಿ ಪುಟದಲ್ಲೂ ಒಂದೇ ಮಾತು: “ಕೆಳಗೆ.” ಕೆಳಗಿನ ಖಾನೆಯಲ್ಲಿ ಏನೋ ಇಟ್ಟಿರಬೇಕು ಎಂದು ಬೀರುವಿನ ಕೆಳಗಿನ ಖಾನೆಯನ್ನೆಲ್ಲ ಖಾಲಿ ಮಾಡಿ ನೋಡಿದ. ಮರಳು ಕಾಗದ, ಹಳೇ ಬ್ರಷ್ಷು, ಒಂದು ಸತ್ತ ಜಿರಳೆ ಸಿಕ್ಕವು.

“ಒಂದು ಕೆಲಸ ಮಾಡಿ,” ಎಂದರು ಡಾಕ್ಟರು ಕಡೆಗೆ, ದನಿ ತಗ್ಗಿಸಿ. “ಎಲ್ಲಾ ಅಳಿಸಿಬಿಡಿ. ಅಂಗಡೀಲಿ ಸಿಗೋ ಯಾವುದಾದ್ರೂ ರೆಡಿ ಹಸಿರು ಹೊಡೆದುಬಿಡಿ, ಇಂಜಿನ್ನಿಗೂ ಗಾಡಿಗೂ ಒಂದೇ ಥರ ಆಗುತ್ತೆ. ನಿಮಗೂ ತೊಂದರೆ ಬೇಡ. ಖರ್ಚೂ ಕಡಿಮೆ ಆಗುತ್ತೆ ಅಲ್ವಾ?”

“ಅರ್ಧ ಆಗುತ್ತೆ,” ಎಂದ ಗೇರಣ್ಣ. “ಆಗಲಿ. ಅಳಿಸ್ತೀನಿ.”

ಅಷ್ಟು ಸಲೀಸಾಗಿ ಹೇಳಿದ್ದು ಅವನಿಗೇನೂ ಅನ್ನಿಸಲಿಲ್ಲ. ಡಾಕ್ಟರು ಮೆಟ್ಟಿಲಿಳಿದು ಹೋದರು. ಮರುದಿನ ಮಧ್ಯಾಹ್ನ ಅವನು ತಟ್ಟೆಯೊಂದಕ್ಕೆ ಬಣ್ಣ ಕೀಳುವ ದ್ರಾವಣ ಸುರಿದು, ಕೈಗೆ ರಬ್ಬರಿನ ಗವಸು ಹಾಕಿ, ಇಂಜಿನ್ನಿನ ಕವಚವನ್ನು ಎತ್ತಿಕೊಂಡ. ಅಣ್ಣ ಕೊನೆಗೆ ಮುಟ್ಟಿದ ವಸ್ತು ಇದು ಎಂಬ ಯೋಚನೆ ಬಂತು. ಬಂದದ್ದು ಹಾಗೇ ಹೋಯಿತು.

ಅಷ್ಟರಲ್ಲಿ ಟೀ ಹಿಡಿದುಕೊಂಡು ಅತ್ತಿಗೆ ಬಂದಳು. “ಏನು ಮಾಡ್ತಿದೀಯ?”

“ಬಣ್ಣ ಕೀಳ್ತಿದೀನಿ. ಆ ಹಸಿರು ಮತ್ತೆ ಬರಲ್ಲ ಅತ್ತಿಗೆ. ಅಣ್ಣ ಅದನ್ನ ಬರೆದಿಟ್ಟಿಲ್ಲ. ‘ಕೆಳಗೆ’ ಅಂತ ಬರೆದಿದಾನೆ. ಕೆಳಗೆ ಏನೂ ಇಲ್ಲ.”

ಅತ್ತಿಗೆ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅವನ ಕೈಯಿಂದ ಕವಚವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೇಜಿನ ಆ ತುದಿಗೆ, ಅವನಿಗೆ ಎಟುಕದ ಕಡೆ ಇಟ್ಟಳು. ಆಮೇಲೆ ಹೇಳಿದಳು.

“ಕೆಳಗೆ ಅಂದ್ರೆ ನಾನು ಕಣೋ.”

ಗೇರಣ್ಣನಿಗೆ ಅರ್ಥವಾಗಲಿಲ್ಲ.

“ನಿಮ್ಮಣ್ಣನಿಗೆ ಹಸಿರೂ ಕೆಂಪೂ ಒಂದೇ ಥರ ಕಾಣ್ತಿತ್ತು. ಹುಟ್ಟಿನಿಂದ. ಮದುವೆಯಾದ ಹೊಸದರಲ್ಲಿ ನನಗೆ ಹಸಿರು ಸ್ವೆಟರ್ ತಂದಿದೀನಿ ಅಂತ ಕಂದು ಬಣ್ಣದ್ದು ತಂದುಕೊಟ್ಟರು. ತಮಾಷೆ ಮಾಡ್ತಿದಾರೆ ಅಂದುಕೊಂಡೆ. ಮುಖ ನೋಡಿದ್ರೆ ತಮಾಷೆ ಅಲ್ಲ.” ಅವಳು ಗವಸು ಹಾಕಿದ ಅವನ ಕೈಯನ್ನೇ ನೋಡುತ್ತ ಮಾತಾಡುತ್ತಿದ್ದಳು. “ಈ ಕೆಲಸಕ್ಕೆ ಕೂತ ಮೇಲೆ ಬಾಟಲಿಗಳನ್ನ ಕೆಳಗೆ ತರ್ತಿದ್ರು. ಅಡುಗೆಮನೆ ಕಿಟಕಿ ಹತ್ರ ಇಟ್ಟುಕೊಂಡು ನಾನೇ ಬೆರೆಸಿಕೊಡ್ತಿದ್ದೆ. ಹೊಡೆಯೋದು, ಗೆರೆ ಎಳೆಯೋದು ಎಲ್ಲ ಅವರೇ. ಬಣ್ಣ ಮಾತ್ರ ನಂದು. ಡಾಕ್ಟರಿಗೆ ತೋರಿಸಿದ ಆ ಹನ್ನೆರಡೂ ನಂದೇ.”

“ಮೂವತ್ತನಾಲ್ಕು ವರ್ಷ ಎದುರಿಗೆ ಕೂತಿದ್ದೆ,” ಎಂದ ಗೇರಣ್ಣ.

“ನೀನು ಯಾವತ್ತು ತಲೆಯೆತ್ತಿ ನೋಡಿದೀಯ?”

ಅದು ನಿಜ. ಅವನಿಗೆ ಇನ್ನೊಂದು ನೆನಪಾಯಿತು. ಅಣ್ಣನಿಗೆ ಇಪ್ಪತ್ತೆರಡು ತುಂಬಿದ ವರ್ಷ ರೈಲ್ವೆಯಲ್ಲಿ ಇಂಜಿನ್ ಡ್ರೈವರ್ ಕೆಲಸಕ್ಕೆ ಕರೆ ಬಂದಿತ್ತು. ಹೊಸ ಬೂಟು ಹಾಕಿಕೊಂಡು ಹೋದವನು ಸಂಜೆ ಬಂದು, “ಆ ಕೆಲಸ ನನಗೆ ಹಿಡಿಸಲಿಲ್ಲ,” ಅಂದಿದ್ದ. ಅಪ್ಪ ವಾರಗಟ್ಟಲೆ ಬೈದಿದ್ದರು. ಬಂದ ಕೆಲಸವನ್ನು ಕಾಲಿಂದ ಒದ್ದ ಸೊಕ್ಕಿನವ ಎಂದು ತಮ್ಮನೂ ಅಂದುಕೊಂಡಿದ್ದ.

“ಕಣ್ಣಿನ ಪರೀಕ್ಷೇಲಿ ಫೇಲ್ ಮಾಡಿದ್ರಾ ಅವನನ್ನ?”

“ಮತ್ತೇನು? ಸಿಗ್ನಲ್ ಕೆಂಪೋ ಹಸಿರೋ ಗೊತ್ತಾಗದೋರ ಕೈಗೆ ಯಾರು ರೈಲು ಕೊಡ್ತಾರೆ?”

“ನನಗೆ ಹೇಳಬಹುದಿತ್ತು.”

“ನೀನು ನಗ್ತೀಯ ಅಂತ.”

ಗೇರಣ್ಣ ಯೋಚಿಸಿದ. “ನಗ್ತಿದ್ದೆ,” ಎಂದ.

ಇಷ್ಟೆಲ್ಲ ಕೇಳಿದ ಮೇಲೂ ಎದೆಯೊಳಗೆ ಏನೂ ಅಲುಗಾಡಲಿಲ್ಲ. ಯಾರದೋ ಮನೆಯ ಸುದ್ದಿಯನ್ನು ಪೇಪರಿನಲ್ಲಿ ಓದಿದಂತಿತ್ತು. ಗವಸು ಬಿಚ್ಚಿದ, ತಟ್ಟೆಯ ದ್ರಾವಣವನ್ನು ಕ್ಯಾನಿಗೆ ಸುರಿದ. ಅತ್ತಿಗೆ ಕುರ್ಚಿಯ ಮೇಲಿನ ಡಬ್ಬಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ, ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಬಣ್ಣ ಬೆರೆಸುವುದಕ್ಕೆ ಮೂರು ಮಧ್ಯಾಹ್ನ ಹಿಡಿಯಿತು. ಹಳದಿ, ಅದಕ್ಕೆ ನೀಲಿ, ಸೂಜಿಮೊನೆಯಲ್ಲಿ ಎತ್ತಿದಷ್ಟು ಕಪ್ಪು, ಕೊನೆಗೆ ಒಂದು ಚೂರು ಕೆಂಪು. ಹಸಿರಿಗೆ ಕೆಂಪು ಯಾಕೆ ಎಂದು ಗೇರಣ್ಣ ಕೇಳಿದ. “ಅದಿಲ್ದೆ ಹೋದ್ರೆ ಪ್ಲಾಸ್ಟಿಕ್ ಬಕೆಟ್ಟಿನ ಹಸಿರಾಗುತ್ತೆ,” ಎಂದಳು ಅತ್ತಿಗೆ. ತಗಡಿನ ಚೂರಿಗೆ ಬಳಿದು, ಒಣಗಲು ಬಿಟ್ಟು, ಇಂಜಿನ್ನಿನ ಪಕ್ಕದಲ್ಲಿ ಹಿಡಿದು, ಒಮ್ಮೆ ಕಿಟಕಿಯ ಬೆಳಕಿನಲ್ಲಿ, ಒಮ್ಮೆ ಮೇಜಿನ ದೀಪದಲ್ಲಿ ನೋಡುತ್ತಿದ್ದಳು. ಹಸಿ ಬಣ್ಣ ಬೇರೆ, ಒಣಗಿದ ಬಣ್ಣ ಬೇರೆ. ಮೂರನೆಯ ದಿನ ಅವಳು ತಗಡನ್ನು ಇಂಜಿನ್ನಿನ ಮೇಲಿಟ್ಟಾಗ ಅದು ಎಲ್ಲಿದೆ ಎಂದು ಗೇರಣ್ಣನಿಗೆ ಕಾಣಲಿಲ್ಲ.

ಗಾಡಿಗೆ ಮೂರು ಸಲ ಹಸಿರು ಹೊಡೆಯುವುದು ಗೇರಣ್ಣನ ಕೈಲೇ ಆಯಿತು. ಉಳಿದದ್ದು ಗೆರೆ. ಹೊರಗಿನವರಿಗೆ ಕೊಟ್ಟರೆ ಅವರ ಕೈ ಬೇರೆ, ಗೆರೆ ಬೇರೆ. ಗೇರಣ್ಣನ ಕೈ ನಡುಗುವ ಕೈಯಲ್ಲ. ಕೂದಲೆಳೆಯಷ್ಟು ತಂತಿಗೆ ಬೆಸುಗೆ ಹಾಕುವವನು. ಆದರೆ ಬೆಸುಗೆ ಒಂದು ಕಡೆ ನಿಲ್ಲುತ್ತದೆ, ಗೆರೆ ಓಡಬೇಕು. ಬಣ್ಣ ತುಂಬಿ ಗೆರೆ ಎಳೆಯುವ ಅಣ್ಣನ ಪೆನ್ನು ಹಿಡಿದು ಒಂಬತ್ತು ದಿನ ತಗಡಿನ ಮೇಲೆ ಗೆರೆ ಎಳೆದ. ಮೊದಲ ದಿನದ್ದು ಎರೆಹುಳುವಿನಂತಿತ್ತು. ಅತ್ತಿಗೆ ನೋಡಿ, “ಇದು ರೈಲಲ್ಲಪ್ಪ, ಘಟ್ಟ ಹತ್ತೋ ಬಸ್ಸು,” ಎಂದಳು. ಉಸಿರು ಹಿಡಿದರೆ ಕೈ ಗಟ್ಟಿಯಾಗುತ್ತದೆ, ಬಿಡುತ್ತ ಎಳೆದರೆ ಪೆನ್ನು ತಾನೇ ಜಾರುತ್ತದೆ ಎಂಬುದು ಆರನೆಯ ದಿನಕ್ಕೆ ಗೊತ್ತಾಯಿತು. ಅಣ್ಣ ಗೆರೆ ಎಳೆಯುವಾಗಲೆಲ್ಲ ಎದುರಿನಿಂದ ಉದ್ದನೆಯ ನಿಟ್ಟುಸಿರು ಕೇಳುತ್ತಿದ್ದದ್ದು ನೆನಪಾಯಿತು. ಅದು ಬೇಸರದ ನಿಟ್ಟುಸಿರೆಂದೇ ಇಷ್ಟು ವರ್ಷ ತಿಳಿದಿದ್ದ.

ಹತ್ತನೆಯ ದಿನ ಇಂಜಿನ್ನನ್ನೇ ಮುಂದಿಟ್ಟುಕೊಂಡ. ಅಣ್ಣನ ಅರ್ಧ ಗೆರೆಯನ್ನು ಒರೆಸಿ ಮೊದಲಿಂದ ಎಳೆದರೆ ಬದಿ ಪೂರ್ತಿ ಒಂದೇ ಕೈಯದಾಗುತ್ತಿತ್ತು, ಅದೇ ಕಸುಬಿನ ರೀತಿ. ಆದರೆ ಆ ಗೆರೆಯನ್ನು ಒರೆಸಲಿಲ್ಲ. ಅವನು ಪೆನ್ನಿನ ತುದಿಯನ್ನು ಕಿಟಕಿಯ ಮೂಲೆಗೆ, ಗೆರೆ ನಿಂತಲ್ಲಿಗೆ ತಂದಿಟ್ಟು, ಉಸಿರು ಬಿಡುತ್ತ ಎಳೆದ. ಎರಡು ಸಲ ಕೆಟ್ಟಿತು, ಒರೆಸಿದ. ಮೂರನೆಯ ಸಲ ನಿಂತಿತು.

ಡಾಕ್ಟರು ಬಂದಾಗ ಇಂಜಿನ್ನೂ ಗಾಡಿಯೂ ಜೋಡಿಯಾಗಿ ಮೇಜಿನ ಮೇಲಿನ ಎರಡು ಗಜದ ಹಳಿಯ ಮೇಲೆ ನಿಂತಿದ್ದವು. ಗೇರಣ್ಣ ಕರೆಂಟು ಕೊಟ್ಟ. ಇಂಜಿನ್ನು ಗೊರಗೊರ ಅನ್ನದೆ, ಜಗ್ಗದೆ, ಮೆಲ್ಲಗೆ ಹೊರಟು ಆ ತುದಿಗೆ ಹೋಗಿ ನಿಂತಿತು. ಡಾಕ್ಟರು ಬಗ್ಗಿ ಎಷ್ಟೋ ಹೊತ್ತು ನೋಡಿದರು. ಬಣ್ಣ ಕೀಳಲಿಲ್ಲವೇ ಎಂದು ಕೇಳಲಿಲ್ಲ. ಜೇಬಿನಿಂದ ಹಲ್ಲು ನೋಡುವ ಕನ್ನಡಕ ತೆಗೆದು ಹಾಕಿಕೊಂಡರು. ಕಸುಬಿನ ಕಣ್ಣು, ಎಲ್ಲಿ ಹೋಗುತ್ತದೆ?

“ಇಲ್ಲಿ, ಈ ಕಿಟಕಿ ಹತ್ರ, ಗೆರೆ ಒಂಚೂರು ದಪ್ಪ ಆಗಿದೆ.”

“ಹೌದು. ಅಲ್ಲಿ ತನಕ ಅಣ್ಣಂದು. ಅಲ್ಲಿಂದ ನಂದು.”

ಡಾಕ್ಟರು ಕನ್ನಡಕ ತೆಗೆದರು. “ಇರಲಿ ಬಿಡಿ,” ಎಂದರು. ಆಮೇಲೆ ಗಾಡಿಯ ಮೇಲೆ ಬೆರಳಾಡಿಸಿ, “ಅದೇ ಹಸಿರು. ಬೇರೆ ಯಾರಿಂದಲೂ ಆಗ್ತಿರಲಿಲ್ಲ. ಏನೇ ಹೇಳಿ, ನಿಮ್ಮಣ್ಣನ ಕಣ್ಣು ಅಂದ್ರೆ ಕಣ್ಣು,” ಎಂದರು.

ಅತ್ತಿಗೆ ಬಾಗಿಲ ಬಳಿ ಖಾಲಿ ಲೋಟಗಳನ್ನು ಹಿಡಿದು ನಿಂತಿದ್ದಳು. ಗೇರಣ್ಣ ಅವಳ ಕಡೆ ನೋಡದೆ ಹೇಳಿಬಿಟ್ಟ. “ಬಣ್ಣ ಅತ್ತಿಗೆಯವರದು ಡಾಕ್ಟ್ರೇ. ಇವತ್ತಿಂದು ಮಾತ್ರ ಅಲ್ಲ. ಯಾವಾಗಲೂ ಅವರದೇ.”

ಡಾಕ್ಟರು ಇಬ್ಬರನ್ನೂ ನೋಡಿದರು. ಗೇರಣ್ಣ ಮೊದಲು ಹೇಳಿದಷ್ಟನ್ನೇ, ಚೌಕಾಸಿ ಮಾಡದೆ ಕೊಟ್ಟರು. ಇಂಜಿನ್ನನ್ನು ಹತ್ತಿಯಲ್ಲಿ ಸುತ್ತಿ ಡಬ್ಬದಲ್ಲಿಟ್ಟುಕೊಂಡು ಹೋದರು.

ಅವರು ಬೀದಿ ದಾಟಿದ ಮೇಲೆ ಅತ್ತಿಗೆ ಕೇಳಿದಳು. “ಯಾಕೆ ಹೇಳಿದೆ?”

“ನಿಜ ಅಲ್ವಾ?”

“ನಿಜ ಹೇಳೋದಾಗಿದ್ರೆ ಅವರೇ ಹೇಳ್ತಿದ್ರು. ಬಾಯಿಲ್ದೇ ಇದ್ದೋರಾ ಅವರು? ಇರೋ ತನಕ ಮುಚ್ಚಿಟ್ಟುಕೊಂಡು ಬಂದಿದ್ದನ್ನ ನೀನು ಒಂದು ನಿಮಿಷದಲ್ಲಿ ಬೀದಿಗೆ ತಂದೆ.” ಲೋಟಗಳು ಒಂದಕ್ಕೊಂದು ತಾಗಿ ಸದ್ದಾದವು. ಅವಳು ಕೆಳಗಿಳಿದು ಹೋದಳು.

ಎರಡು ದಿನ ಟೀ ಬರಲಿಲ್ಲ. ಗೇರಣ್ಣ ನಾಲ್ಕು ಗಂಟೆಗೆ ತಲೆಯೆತ್ತಿ ಬಾಗಿಲು ನೋಡಿದ, ಮತ್ತೆ ಬಗ್ಗಿ ಕೆಲಸ ಮಾಡಿದ. ತಾನು ಮಾಡಿದ್ದು ಸರಿಯೋ ತಪ್ಪೋ ಅವನಿಗೆ ಬಗೆಹರಿಯಲಿಲ್ಲ. ತಪ್ಪಾದರೂ ಅದನ್ನು ವಾಪಸ್ ಬಾಯಿಗೆ ಹಾಕಿಕೊಳ್ಳುವಂತಿರಲಿಲ್ಲ. ಮೂರನೆಯ ದಿನ ಕೆಳಗಿಳಿದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಒಂದು ಪಾರ್ಸೆಲ್ ಬಂದಿದೆ, ಅದರಲ್ಲಿ ಕಂದು ಬಣ್ಣದ ಕೆಲಸ ಇದೆ ಎಂದ.

“ಇದ್ರೆ ಇರಲಿ.”

“ನನ್ನ ಕೈಲಿ ಆಗಲ್ಲ ಅತ್ತಿಗೆ.”

ಅತ್ತಿಗೆ ಪಾತ್ರೆ ಉಜ್ಜುತ್ತಲೇ ಇದ್ದಳು. “ಇನ್ಮೇಲೆ ಯಾರಿಗೂ ಹೇಳಬಾರದು. ಡಾಕ್ಟರಿಗೆ ಹೇಳಿದ್ದು ಅಲ್ಲಿಗೇ ಮುಗೀತು. ಬೋರ್ಡು ಹಾಗೇ ಇರಲಿ.”

“ಆಯ್ತು.”

“ಕೂಲಿ ನನಗೆ ಬೇರೆ.”

“ಆಯ್ತು.”

ಅವಳು ಕೈ ಒರೆಸಿಕೊಂಡು, ತನ್ನದೊಂದು ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದಳು. ಆ ಮರದ ಕುರ್ಚಿಯಲ್ಲಿ ಕೂತು ಬೆನ್ನು ಬಿದ್ದುಹೋಗಿದೆ ಎಂದು ದಾರಿಯುದ್ದಕ್ಕೂ ಬೈದಳು.

ಪಾರ್ಸೆಲ್ಲಿನಲ್ಲಿದ್ದದ್ದು ಅಂಗಡಿಯಿಂದ ತಂದ ಹಾಗೇ ಇದ್ದ ಹೊಚ್ಚಹೊಸ ಇಂಜಿನ್ನು, ಮಿರಮಿರ ಮಿಂಚುತ್ತಿತ್ತು. ಜೊತೆಗೊಂದು ಚೀಟಿ. ಗೇರಣ್ಣ ಓದಿದ: ಚಿಮಣಿಗೆ ಮಸಿ ಹಿಡಿಯಬೇಕು, ಚಕ್ರಕ್ಕೆ ತುಕ್ಕು, ಬದಿಗೆ ನೀರು ಸೋರಿದ ಕಲೆ, ಮೂವತ್ತು ವರ್ಷ ದುಡಿದ ಇಂಜಿನ್ನಿನಂತೆ ಕಾಣಬೇಕು.

“ಹೊಸದನ್ನ ಕೊಳಕು ಮಾಡೋಕೆ ದುಡ್ಡು ಕೊಡ್ತಾರಾ?” ಎಂದಳು ಅತ್ತಿಗೆ.

“ಬಣ್ಣ ಹೊಡೆಯೋದಕ್ಕಿಂತ ಜಾಸ್ತಿ ಕೊಡ್ತಾರೆ.”

“ನಮ್ಮನೆ ಒಲೆ ಮೇಲಿಟ್ಟರೆ ಒಂದು ವಾರದಲ್ಲಿ ಆಗುತ್ತೆ. ಅರ್ಧ ರೇಟಿಗೆ.”

ಗೇರಣ್ಣನ ಬಾಯಿಯ ಒಂದು ಬದಿ ತುಸು ಮೇಲಕ್ಕೆ ಹೋಯಿತು. ಅದು ಅವನ ಗಮನಕ್ಕೂ ಬಂತು. ಅಷ್ಟೇ, ಅದರಾಚೆ ಏನೂ ಆಗಲಿಲ್ಲ. ಅತ್ತಿಗೆ ಇಂಜಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಕ್ಕು ಎಂದರೆ ಹೊಸ ತುಕ್ಕೋ ಹಳೇ ತುಕ್ಕೋ, ಅದನ್ನು ಬರೆದಿದ್ದಾರೋ ಇಲ್ಲವೋ ನೋಡು ಎಂದಳು. ಬರೆದಿರಲಿಲ್ಲ. ಕೇಳಿ ಕಾಗದ ಬರೆಯುತ್ತೇನೆ ಎಂದು ಅವನು ಪೆನ್ನು ಹುಡುಕಿದ.